ಬಂದವರ ಸೋಪು

ಕಳೆದ ವರ್ಷ ಅಕ್ಟೋಬರ್ ತಿಂಗಳ ಒಂದು ಬುಧವಾರ, ನೆದರ್ಲೆಂಡ್ಸ್ ದೇಶದ ಉತ್ರೆಕ್ಟ್ ನಗರದ ಸಭಾಂಗಣವೊಂದರ ವೇದಿಕೆಯ ಮೇಲೆ, ಸವಣೂರು ತಾಲೂಕಿನ ಬಿಸಿಯೂಟದ ಅಡುಗೆಯವರೊಬ್ಬರು ನಳ ತಿರುಗಿಸಿದರು. ನೀರು ಬರಲಿಲ್ಲ. ಪಕ್ಕದ ನಳ ತಿರುಗಿಸಿದರು. ಅದರಲ್ಲೂ ಬರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು.

ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅಡುಗೆಯವರ ಹೆಸರನ್ನು ಇಲ್ಲಿ ಫಕ್ಕೀರವ್ವ ಎಂದು ಬದಲಿಸಿದ್ದೇನೆ. ಅವರ ಕೆಲಸ ಖಾಯಂ ಆದದ್ದಲ್ಲ. ಅವರನ್ನು ಕರೆದೊಯ್ದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ನನ್ನ ವಿಮಾನದ ಟಿಕೆಟ್ಟನ್ನು ಕೊಟ್ಟದ್ದೂ ಅದೇ ಸಂಸ್ಥೆ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಶಿಗ್ಗಾಂವ

ಹೊರಟದ್ದು ಶಿಗ್ಗಾಂವ ಬಸ್ ನಿಲ್ದಾಣದಿಂದ. ಬೆಂಗಳೂರಿನ ಬಸ್ಸು ಕಾಯುತ್ತ ನಿಂತರೆ ಹೆದ್ದಾರಿಯ ಆಚೆ ಒಂದು ಫಲಕ ಕಾಣುತ್ತದೆ. ನೊರೆ ಮೆತ್ತಿಕೊಂಡ ಎರಡು ಕೈಗಳು, ಒಂದೊಂದೂ ಲಾರಿಯಷ್ಟು ದೊಡ್ಡವು. ಅದರ ಕೆಳಗೆ ಕಬ್ಬಿನ ಹಾಲಿನವನು ಒಂದೇ ಬಕೆಟ್ ನೀರಿನಲ್ಲಿ ಬೆಳಗಿನಿಂದ ಗ್ಲಾಸು ಅದ್ದುತ್ತಿರುತ್ತಾನೆ.

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಜನ ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವಂತೆ ಮಾಡುವುದು ಆ ಸಂಸ್ಥೆಯ ಕಾರ್ಯಕ್ರಮ. ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ. ಮಕ್ಕಳ ಹೊಟ್ಟೆನೋವು, ವಾಂತಿಭೇದಿಯ ಅರ್ಧ ಕಥೆ ಕೈಯಲ್ಲೇ ಇದೆ ಎಂದು ನಮ್ಮ ಊರಿನ ವೈದ್ಯರೂ ಹೇಳುತ್ತಾರೆ. ಹಾನಗಲ್ಲಿನಲ್ಲಿ ನಡೆದ ಉದ್ಘಾಟನೆಯನ್ನು ವರದಿ ಮಾಡಿದವನು ನಾನೇ. ರಟ್ಟಿನ ಕೈಗಳನ್ನು ಹಿಡಿದು ಜಾಥಾ ನಡೆಯಿತು. ಕೈ ತೊಳೆಯುವ ಹಂತಗಳನ್ನು ಗಣ್ಯರು ವೇದಿಕೆಯ ಮೇಲೆ ಗಾಳಿಯಲ್ಲೇ ಮಾಡಿ ತೋರಿಸಿದರು. ಆಮೇಲೆ ಗಿರಮಿಟ್ಟು, ಮಿರ್ಚಿ ಬಂತು. ಗಣ್ಯರು ತಿಂದರು. ಎದ್ದುಹೋಗಿ ಕೈ ತೊಳೆದವರನ್ನು ನಾನು ಕಾಣಲಿಲ್ಲ. ಗಾಳಿಯಲ್ಲಿ ತೊಳೆದದ್ದು ಸಾಕಾಗಿರಬೇಕು. ನಾನೂ ತಿಂದೆ.

ಫಕ್ಕೀರವ್ವನವರ ಶಾಲೆ ಯಲವಿಗಿ ಸ್ಟೇಷನ್ನಿನಿಂದ ಸ್ವಲ್ಪ ಒಳಗಿರುವ ಹಳ್ಳಿಯಲ್ಲಿದೆ. ಸಂಸ್ಥೆ ಅಲ್ಲಿ ಹೆಂಚು ಹೊದಿಸಿದ ಕಟ್ಟೆ ಕಟ್ಟಿಸಿ ಹನ್ನೆರಡು ನಳ ಕೂಡಿಸಿದೆ. ಪ್ರತಿ ನಳದ ಪಕ್ಕ ನೈಲಾನ್ ಜಾಳಿಗೆಯಲ್ಲಿ ಒಂದೊಂದು ಸೋಪು ತೂಗಾಡುತ್ತದೆ. ಉದ್ಘಾಟನೆಯ ದಿನ ಟ್ಯಾಂಕರ್ ತರಿಸಿ ನೀರು ಹರಿಸಿದರು. ಫೋಟೋ ಆಯಿತು. ಟ್ಯಾಂಕರ್ ಹೋಯಿತು. ಊರಿನ ನೀರಿನ ಪೈಪು ಶಾಲೆಯ ಕಾಂಪೌಂಡಿನ ಹೊರಗೇ ನಿಂತಿದೆ. ನಳ ಈ ಸಂಸ್ಥೆಯದು, ನೀರು ಬೇರೆ ಯೋಜನೆಯದು. ಹೀಗಾಗಿ ಫಕ್ಕೀರವ್ವ ಮತ್ತು ಇನ್ನೊಬ್ಬ ಅಡುಗೆಯವರು ದಿನಾ ಬೆಳಿಗ್ಗೆ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುತ್ತಾರೆ. ಅಡುಗೆಯಾದ ಮೇಲೆ ಒಂದು ಕೊಡವನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಕೈಯಲ್ಲಿ ಸೌಟು ಹಿಡಿದು ನಿಲ್ಲುತ್ತಾರೆ. ಬಾರ್ ಸೋಪನ್ನು ದಾರದಿಂದ ಕೊಯ್ದು ತುಂಡು ಮಾಡಿ ಇಟ್ಟಿರುತ್ತಾರೆ. ಕೈಗೆ ನೊರೆ ಹತ್ತಿಸಿ ತೋರಿಸದವರಿಗೆ ತಾಟು ಇಲ್ಲ. ಶಾಲೆಯಲ್ಲಿ ಕೈ ತೊಳೆಯುವುದು ನಿಜವಾಗಿಯೂ ನಡೆಯುವುದು ಹೀಗೆ. ಆದರೆ ಸಂಸ್ಥೆಯ ನಮೂನೆಯಲ್ಲಿ ಕೇಳಿರುವುದು ನಳ ಇದೆಯೇ, ಸೋಪು ಇದೆಯೇ ಎಂದು. ಕೊಡಕ್ಕೆ ಅಲ್ಲಿ ಜಾಗವಿಲ್ಲ.

ಬಸ್ಸು ಬರುವ ಮೊದಲು ಕಾರ್ಯಕ್ರಮದ ಮ್ಯಾನೇಜರ್ ನವೀನ್, ಫಕ್ಕೀರವ್ವನವರಿಗೆ ಇನ್ನೊಮ್ಮೆ ಹೇಳಿದರು. ನವೀನ್ ಬೆಂಗಳೂರಿನವರು, ನಗುಮುಖದವರು, ಜೇಬಿನಲ್ಲಿ ಸದಾ ಸ್ಯಾನಿಟೈಸರ್ ಇರುತ್ತದೆ.

"ಅಕ್ಕಾ, ಬರೆದುಕೊಟ್ಟಿದ್ದನ್ನ ಹಾಗೇ ಹೇಳಿಬಿಡಿ. ಸೆಕೆಂಡ್ ಫೇಸ್ ಗ್ಯಾರಂಟಿ. ಅದರಲ್ಲಿ ಮೊದಲ ಪೈಪ್‌ಲೈನ್ ನಿಮ್ಮ ಸ್ಕೂಲಿಗೇ."

"ಹೇಳ್ತೇನ್ರಿ ಸಾಹೇಬ್ರ," ಎಂದರು ಫಕ್ಕೀರವ್ವ. ನನ್ನ ಕಡೆ ತಿರುಗಿ, "ಪೇಪರ್ ಅಣ್ಣಾರ, ನಾಕ ಮಾತ ಆಡಿದ್ರ ನಳಕ್ಕ ನೀರ ಬರ್ತೈತಂದ್ರ ಆಡೂದಕ್ಕ ನನಗೇನ ಬ್ಯಾನಿ? ಇಷ್ಟ ವರ್ಷ ಕೊಡ ಹೊತ್ತ ಹೊತ್ತ ಸೊಂಟ ಬಿದ್ದ ಹೋಗೈತ್ರಿ," ಎಂದರು.

ವಿಮಾನದಲ್ಲಿ

ವಿಮಾನದಲ್ಲಿ ಅವರು ಕಿಟಕಿ ನೋಡಲಿಲ್ಲ. ಭಾಷಣದ ಹಾಳೆ ಬಿಚ್ಚಿಕೊಂಡು ತುಟಿ ಆಡಿಸುತ್ತ ಕೂತರು. ಸಂಸ್ಥೆಯ ಕಚೇರಿಯಲ್ಲಿ ಯಾರೋ ಪುಸ್ತಕದ ಕನ್ನಡದಲ್ಲಿ ಬರೆದುಕೊಟ್ಟ ಭಾಷಣ ಅದು.

"'ನಮ್ಮ ವರ್ತನೆಯಲ್ಲಿ ಮಹತ್ತರ ಬದಲಾವಣೆಯಾಗಿದೆ.' ವರ್ತನೆ ಅಂದ್ರ ಏನ್ರಿ ಅಣ್ಣಾರ?"

"ನಡತಿ, ಅಕ್ಕಾರ."

ಅವರು ಹಾಳೆಯನ್ನು ಮಡಿಲಲ್ಲಿಟ್ಟರು. "ಅಂದ್ರ ನಮ್ಮ ನಡತಿ ಮೊದಲ ಕೆಟ್ಟಿತ್ತೇನ್ರಿ?"

ನವೀನ್ ಮುಂದಿನ ಸೀಟಿನಿಂದ ಹಿಂದೆ ಕೈ ಚಾಚಿ ನಮ್ಮಿಬ್ಬರ ಅಂಗೈಗೂ ಸ್ಯಾನಿಟೈಸರ್ ಹಾಕಿದರು. ಊಟದ ಟ್ರೇ ಬಂತು. ಫಕ್ಕೀರವ್ವ ಅಂಗೈ ಮೂಸಿ ನೋಡಿ ಮುಖ ಸಿಂಡರಿಸಿ, ಎದ್ದು ಬಾತ್‌ರೂಮಿನ ಸಾಲಿನಲ್ಲಿ ನಿಂತರು. ಅವರು ವಾಪಸು ಬರುವಷ್ಟರಲ್ಲಿ ಟ್ರೇ ಎತ್ತಿಕೊಂಡು ಹೋಗಿದ್ದರು. ಚೀಲದಲ್ಲಿದ್ದ ಸವಣೂರ ಖಾರಾದ ಪೊಟ್ಟಣ ಬಿಚ್ಚಿದೆವು. ಕೈ ತೊಳೆದವರಿಗೆ ಊಟ ತಪ್ಪುವುದು ಈ ಪ್ರಯಾಣದಲ್ಲಿ ಇನ್ನೊಮ್ಮೆ ನಡೆಯಲಿತ್ತು.

ಉತ್ರೆಕ್ಟ್, ಮಂಗಳವಾರ

ಉತ್ರೆಕ್ಟ್‌ನಲ್ಲಿ ನೀರಿಗೆ ಬರವಿಲ್ಲ. ರಸ್ತೆಯಷ್ಟೇ ಕಾಲುವೆಗಳಿವೆ. ಮಳೆ ಹನಿಯುತ್ತಿದ್ದರೂ ಜನ ಒಂದು ಕೈಯಲ್ಲಿ ಛತ್ರಿ ಹಿಡಿದು ಸೈಕಲ್ ಹೊಡೆಯುತ್ತಾರೆ. ಪರದೆ ಇಲ್ಲದ ದೊಡ್ಡ ಕಿಟಕಿಗಳ ಹಿಂದೆ ಮನೆಮಂದಿ ಉಣ್ಣುವುದನ್ನು ದಾರಿಯಲ್ಲಿ ಹೋಗುವವರೆಲ್ಲ ನೋಡಬಹುದು. ನಮ್ಮಲ್ಲಿ ಹೀಗೆ ಮಾಡಿದರೆ ಓಣಿಯವರೆಲ್ಲ ಊಟಕ್ಕೇ ಬಂದು ಕೂತುಬಿಡುತ್ತಾರೆ.

ಸಮ್ಮೇಳನದ ವಿಷಯ, ಜನರ ಕೈತೊಳೆಯುವ ಅಭ್ಯಾಸವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸುವುದು. ಬೆಳಗಿನ ಗೋಷ್ಠಿಯಲ್ಲಿ ಬೇರೆ ಬೇರೆ ದೇಶಗಳವರು ಚಿತ್ರ, ನಕ್ಷೆ ತೋರಿಸಿದರು. ಜನರಲ್ಲಿ ಅಸಹ್ಯ ಹುಟ್ಟಿಸಬೇಕು ಎಂದರು ಒಬ್ಬರು. ಹೆಮ್ಮೆ ಹುಟ್ಟಿಸಬೇಕು ಎಂದರು ಇನ್ನೊಬ್ಬರು. ಅಸಹ್ಯದವರಿಗೂ ಹೆಮ್ಮೆಯವರಿಗೂ ಸ್ವಲ್ಪ ಮನಸ್ತಾಪವಾಯಿತು. ನಮ್ಮ ನಾಲ್ಕು ತಾಲೂಕುಗಳ ಸಮೀಕ್ಷೆಯೂ ಪರದೆಯ ಮೇಲೆ ಬಂತು. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಬಚ್ಚಲಲ್ಲಿ ಸೋಪು ಕಂಡುಬಂದಿದೆ ಎಂದಿತ್ತು. ನಮ್ಮನ್ನು ಕರೆಸಿದ್ದೇ ಆ ಕಾರಣಕ್ಕೆ. ಫಕ್ಕೀರವ್ವನ ಸರದಿ ಮರುದಿನಕ್ಕಿತ್ತು.

ಮಧ್ಯಾಹ್ನ ಗೋಷ್ಠಿ ಮುಗಿಯಿತು. ಬೆಳಗಿನಿಂದ ಪರಸ್ಪರ ಕೈ ಕುಲುಕಿದ್ದವರೆಲ್ಲ ನೆಟ್ಟಗೆ ಊಟದ ಮೇಜಿಗೆ ಹೋಗಿ, ಬ್ರೆಡ್ಡು, ಚೀಸು ಕೈಯಲ್ಲೇ ಎತ್ತಿಕೊಂಡು ತಿನ್ನತೊಡಗಿದರು. ಅಸಹ್ಯದವರೂ ತಿಂದರು, ಹೆಮ್ಮೆಯವರೂ ತಿಂದರು.

"ತೊಳ್ಕೊಳ್ಳೂದಿಲ್ಲೇನ್ರಿ ಇವ್ರು?" ಎಂದು ಫಕ್ಕೀರವ್ವ ನನ್ನನ್ನು ಕೇಳಿದರು. ಯಾರೂ ತೊಳೆದಂತೆ ಕಾಣಲಿಲ್ಲ ಎಂದೆ. ಅವರು ಬಾತ್‌ರೂಮು ಹುಡುಕಿಕೊಂಡು ಹೋದರು.

ಬಹಳ ಹೊತ್ತಾದ ಮೇಲೆ ಮತ್ತೊಬ್ಬ ಹೆಂಗಸಿನ ಜೊತೆ ಮಾತಾಡುತ್ತ ಬಂದರು. ಅಲ್ಲಿನ ನಳಕ್ಕೆ ತಿರುಪು ಇಲ್ಲ, ಕೈ ಒಡ್ಡಿದರೆ ತಾನೇ ನೀರು ಬಿಡಬೇಕು. ಅದು ಇವರ ಕೈಯನ್ನು ಗುರುತಿಸಲಿಲ್ಲ. "ಕಣ್ಣ ಇಲ್ಲದ ನಳ ನೋಡ್ರಿ. ಬಡದೆ, ಬೈದೆ, ಕೈ ಮುಗದೆ. ಆಮ್ಯಾಲ ಈಕಿ ಬಂದ್ಲು."

ಬಂದವರು ಇಂದ್ರಾ, ಆ ಸಭಾಂಗಣದ ಅಡುಗೆಮನೆಯ ಉಸ್ತುವಾರಿ. ಅವರ ಹಿರಿಯರನ್ನು ಬಹಳ ಹಿಂದೆ ಉತ್ತರ ಭಾರತದಿಂದ ಸುರಿನಾಮ್ ದೇಶದ ಕಬ್ಬಿನ ತೋಟಗಳಿಗೆ ಸಾಗಿಸಿದ್ದರಂತೆ. ಅಲ್ಲಿಂದ ಇವರ ತಂದೆತಾಯಿ ಇಲ್ಲಿಗೆ ಬಂದರು. ಹಿಂದಿಯಂಥ ಒಂದು ಭಾಷೆ ಅವರ ಮನೆಯಲ್ಲಿ ಉಳಿದಿದೆ. ಫಕ್ಕೀರವ್ವನ ತವರಿನವರು ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಮಾರುವವರು. ಎಲೆ ಮಾರುತ್ತ ಕಲಿತ ಉರ್ದು ಇವರ ಬಾಯಲ್ಲಿದೆ. ಒಂದು ಭಾಷೆ ಇನ್ನೊಂದನ್ನು ಪೂರ್ತಿ ಬಲ್ಲದು ಎನ್ನುವಂತಿರಲಿಲ್ಲ. ಆದರೂ ನವೀನ್ ಇಲ್ಲದೆ ಫಕ್ಕೀರವ್ವ ಆ ದೇಶದವರೊಬ್ಬರ ಜೊತೆ ಮಾತಾಡಿದ್ದು ಅದೇ ಮೊದಲು.

ಮೇಜಿನ ಮೇಲಿನ ಬ್ರೆಡ್ಡು ಆಗಲೇ ಖಾಲಿ. ರಟ್ಟಿನ ಡಬ್ಬಿಗಳಲ್ಲಿ ಮಜ್ಜಿಗೆ ಮಾತ್ರ ಉಳಿದಿತ್ತು. ಅಲ್ಲಿಯವರು ಊಟದ ಜೊತೆ ಮಜ್ಜಿಗೆ ಕುಡಿಯುತ್ತಾರೆ ಎಂಬುದು ನನಗೂ ಹೊಸತು. ಫಕ್ಕೀರವ್ವ ಎರಡು ಗ್ಲಾಸು ಕುಡಿದು, "ಇದೊಂದ ಖರೇ ಊಟ ನೋಡ್ರಿ. ಉಪ್ಪ ಹಾಕೂದ ಮರತಾರ," ಎಂದರು. ಇಂದ್ರಾ ಒಳಗೆ ಹೋಗಿ ಉಪ್ಪು ತಂದುಕೊಟ್ಟರು.

ಮರೈಕೆಯವರ ಮನೆ

ಆ ಸಂಜೆ ನಮಗೆ ಊಟ ಹೇಳಿದ್ದವರು ಮರೈಕೆ. ಕಾರ್ಯಕ್ರಮಕ್ಕೆ ನೆರವು ಕೊಡುವವರ ಕಡೆಯ ಅಧಿಕಾರಿ, ಎತ್ತರದ ಆಳು, ಮಾತು ನೇರ. ಕಿರಿದಾದ ಮನೆ, ಮೆಟ್ಟಿಲು ಎಷ್ಟು ಕಡಿದೆಂದರೆ ನಮ್ಮ ಅಟ್ಟದ ಏಣಿಯೇ ವಾಸಿ. ಊಟಕ್ಕೆ ಮೊದಲು ಒಬ್ಬೊಬ್ಬರಾಗಿ ಕೆಳಗಿನ ಶೌಚಾಲಯಕ್ಕೆ ಹೋಗಿ ಬಂದೆವು.

ಅದರ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ನೆಂಟರಿಷ್ಟರ ಹುಟ್ಟುಹಬ್ಬಗಳನ್ನೆಲ್ಲ ಅದರಲ್ಲಿ ಬರೆದಿತ್ತು. ಆ ದೇಶದ ಮನೆಮನೆಯ ಪದ್ಧತಿಯಂತೆ. ಬಳಗದವರನ್ನು ದಿನಕ್ಕೊಮ್ಮೆಯಾದರೂ ನೆನೆಯುವುದು ಖಚಿತ. ಕೈ ತೊಳೆಯಲು ತಾಟಿನಷ್ಟೇ ಅಗಲದ ಬೇಸಿನ್, ಬರೇ ತಣ್ಣೀರಿನ ನಳ. ಪಕ್ಕದಲ್ಲಿ ಗುಲಾಬಿ ಹೂವಿನ ಆಕಾರದ ಬಿಳಿ ಸೋಪು, ಕಸೂತಿ ಹಾಕಿದ ಪುಟ್ಟ ಟವೆಲ್ಲು. ಸೋಪು ಒಣಗಿತ್ತು, ಎಸಳುಗಳ ಸಂದಿಯಲ್ಲಿ ತೆಳುವಾಗಿ ಧೂಳು ಕೂತಿತ್ತು. ಟವೆಲ್ಲಿನ ಮಡಿಕೆ ಮುರಿದಿರಲಿಲ್ಲ.

ನಾನು ಇದನ್ನೆಲ್ಲ ನೋಡಿದ್ದೆ. ಅರ್ಥ ಮಾಡಿಕೊಂಡವರು ಫಕ್ಕೀರವ್ವ. ಹೊರಗೆ ಬಂದವರೇ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಅಣ್ಣಾರ, ಇವ್ರ ಮನ್ಯಾಗೂ ಬಂದವರ ಸಾಬಾಣ ಐತ್ರಿ."

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಕೈಕಾಲಿಗೆ ನೀರು. ಚರಿಗೆಯಲ್ಲಿ ನೀರು ಕೊಟ್ಟು, ಟ್ರಂಕಿನಿಂದ ಘಮಘಮ ಸೋಪು ತೆಗೆದು ಬಚ್ಚಲ ಕಲ್ಲಿನ ಮೇಲಿಟ್ಟು, ಹೊಸ ಟವೆಲ್ಲು ಹಿಡಿದು ಒಬ್ಬರು ನಿಲ್ಲುತ್ತಾರೆ. ಅದು ಬೀಗರಿಗೆ, ಮಾಸ್ತರರಿಗೆ, ಸರಕಾರದವರಿಗೆ ತೆಗೆಯುವ ಸೋಪು. ಮನೆಯವರು ಮುಟ್ಟುವುದಿಲ್ಲ.

"ಮತ್ತೆ ಸಮೀಕ್ಷೆಯವರು ಬಂದಾಗ?" ಎಂದೆ. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು.

"ಸರ್ವೇದವ್ರು ನಾಳೆ ಬರ್ತಾರಂತ ಹಿಂದಿನ ದಿನಾನ ಹೇಳಿ ಹೋಗಿದ್ರಲ್ರಿ. ಮನೀಗೆ ಬಂದವ್ರಿಗೆ ಸಾಬಾಣ ಇಡದ ಹೆಂಗ? ಮರ್ಯಾದಿ ಪ್ರಶ್ನಿ ಅಲ್ಲೇನ? ಎಲ್ಲಾರೂ ಇಟ್ರು. ಅವ್ರು ಕೈ ತೊಳಕೊಂಡ್ರು, ಚಾ ಕುಡದ್ರು, ಬರಕೊಂಡ ಹೋದ್ರು."

"ಅವರು ಹೋದ ಮೇಲೆ?"

"ಒರಸಿ ಮತ್ತ ಟ್ರಂಕಿನ್ಯಾಗ."

ಹಾಗಾದರೆ ನಾಲ್ಕು ತಾಲೂಕುಗಳಲ್ಲಿ ಸಂಸ್ಥೆ ಎಣಿಸಿದ್ದು ಜನರ ಅತಿಥಿ ಸತ್ಕಾರವನ್ನು. ಆ ತಿಂಗಳು ನಮ್ಮ ಭಾಗದಲ್ಲಿ ಎಲ್ಲರಿಗಿಂತ ಸ್ವಚ್ಛವಾಗಿದ್ದ ಕೈಗಳು ಸಮೀಕ್ಷೆ ಮಾಡಿದವರವು. ನನ್ನದೂ ಒಂದು ಲೆಕ್ಕ ಇದೆ. ಹಿರೇಕೆರೂರಿನ ಕಡೆಯ ಮನೆಯೊಂದರಲ್ಲಿ ನಾನೇ ಆ ಸೋಪಿನಿಂದ ಕೈ ತೊಳೆದು, ಬೆರಳು ಮೂಸಿ, ಮರುದಿನದ ಪತ್ರಿಕೆಯಲ್ಲಿ 'ಬದಲಾವಣೆಯ ಪರಿಮಳ' ಎಂಬ ತಲೆಬರಹ ಕೊಟ್ಟಿದ್ದೆ. ಮನೆಯವರ ಕೈ ನೋಡಿರಲಿಲ್ಲ.

ನವೀನ್ ಇದನ್ನೆಲ್ಲ ಕೇಳಿಸಿಕೊಂಡರು. ಆಶ್ಚರ್ಯಪಡಲಿಲ್ಲ. "ಸರ್, ಸೋಪ್ ಇತ್ತೋ ಇಲ್ವೋ? ಇತ್ತು. ಫಾರ್ಮ್ ಕೇಳೋದು ಅಷ್ಟೇ," ಎಂದರು. ಏನು ಮಾತಾಡುತ್ತಿದ್ದೀರಿ ಎಂದು ಮರೈಕೆ ವಿಚಾರಿಸಿದಾಗ, ನಿಮ್ಮ ಮನೆ ತುಂಬ ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮರೈಕೆಗೆ ಸಂತೋಷವಾಯಿತು. ಹೊರಡುವಾಗ ಅದೇ ತರಹದ ಇನ್ನೊಂದು ಗುಲಾಬಿ ಸೋಪನ್ನು ಡಬ್ಬಿಯಲ್ಲಿ ಕಟ್ಟಿ ಫಕ್ಕೀರವ್ವನ ಕೈಗೆ ಕೊಟ್ಟರು.

ಉತ್ರೆಕ್ಟ್, ಬುಧವಾರ

ಬುಧವಾರ ಮಧ್ಯಾಹ್ನ ವೇದಿಕೆಯ ಮೇಲೆ ನಮ್ಮ ಶಾಲೆಯ ಕಟ್ಟೆ ಇತ್ತು. ಫೋಟೋ ನೋಡಿ ಪ್ಲೈವುಡ್ಡಿನಲ್ಲಿ ಮಾಡಿಸಿದ್ದರು. ನಳ ಮಾತ್ರ ನಿಜವಾದವು, ಸ್ಟೀಲಿನವು. ಜಾಳಿಗೆಯಲ್ಲಿ ಸೋಪು ತೂಗುತ್ತಿತ್ತು. ಪ್ಲೈವುಡ್ಡಿನ ಹಿಂದೆ ಏನೂ ಇರಲಿಲ್ಲ.

ಫಕ್ಕೀರವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಭಾಷಣವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ವರ್ತನೆ ಬಂತು, ಮಹತ್ತರ ಬದಲಾವಣೆ ಬಂತು. ನವೀನ್ ಇಂಗ್ಲಿಷಿನಲ್ಲಿ ಹೇಳಿದರು. ಚಪ್ಪಾಳೆ. ಅಲ್ಲಿಗೆ ಪೈಪು ಬಂದಂತೆಯೇ ಇತ್ತು. ಇನ್ನು ಉಳಿದದ್ದು ಕೈ ತೊಳೆಯುವ ಪ್ರಾತ್ಯಕ್ಷಿಕೆ. ಗಾಳಿಯಲ್ಲಿ ಮಾಡಿ ತೋರಿಸಿದರೆ ಸಾಕು ಎಂದು ಮೊದಲೇ ಹೇಳಿದ್ದರು. ಆದರೆ ನಳ ಎದುರಿಗಿದ್ದರೆ ಗಾಳಿಯಲ್ಲಿ ಕೈ ತೊಳೆಯುವುದು ಅವರಿಂದ ಆಗಲಿಲ್ಲ. ತಿರುಗಿಸಿದರು. ಆಗಲೇ ಬರೆದಂತೆ, ನೀರು ಬರಲಿಲ್ಲ. ಇನ್ನೊಂದನ್ನೂ ತಿರುಗಿಸಿ, ನವೀನರ ಕಡೆ ನೋಡಿ, ಮೈಕು ಬಾಯಿಯ ಮುಂದೆಯೇ ಇರುವುದನ್ನು ಮರೆತು ಹೇಳಿದರು:

"ಸಾಹೇಬ್ರ, ಇದು ಖರೇನ ನಮ್ಮ ಸಾಲಿ ನಳ. ಹಂಗ ಕಿತ್ಕೊಂಡ ಹೊತ್ಕೊಂಡ ಬಂದೀರೇನ?"

ಸಭೆ ಅನುವಾದಕ್ಕೆ ಕಾಯಿತು. ತಮ್ಮ ಶಾಲೆಯಲ್ಲೇ ಇದ್ದಂತೆ ಅನಿಸುತ್ತಿದೆಯಂತೆ ಎಂದರು ನವೀನ್. ಚಪ್ಪಾಳೆ ಬಿತ್ತು. ಅನುವಾದದಲ್ಲಿ ತಪ್ಪು ತೆಗೆಯಲು ನನಗೆ ಆಗಲಿಲ್ಲ.

ಪ್ರಶ್ನೆಗಳಿವೆಯೇ ಎಂದರು ಅಧ್ಯಕ್ಷರು. ಈ ಮಾದರಿಯನ್ನು ಬೇರೆ ದೇಶಗಳಿಗೆ ಒಯ್ಯಬಹುದೇ ಎಂದು ಒಬ್ಬರು ಕೇಳಿದರು. ಒಯ್ಯಬಹುದು ಎಂದರು ನವೀನ್. ಅದು ಸರಿಯೇ, ಇಲ್ಲಿಗಾಗಲೇ ಬಂದಿತ್ತು.

ಆಗ ಹಿಂದಿನ ಬಾಗಿಲಲ್ಲಿ, ಕಾಫಿಯ ಗಾಡಿ ಹಿಡಿದು ನಿಂತಿದ್ದ ಇಂದ್ರಾ ಕೈ ಎತ್ತಿದರು. ಆ ದೇಶದಲ್ಲಿ ಕೇಳಬೇಕೆನಿಸಿದವರು ಕೇಳುತ್ತಾರೆ. ಅಧ್ಯಕ್ಷರು ಸರಿ ಎಂದು ತಲೆಯಾಡಿಸಿದರು. ಇಂದ್ರಾ ತಮ್ಮ ಮನೆಮಾತಿನಲ್ಲೇ, ನೇರವಾಗಿ ಫಕ್ಕೀರವ್ವನಿಗೇ ಕೇಳಿದರು:

"ಪಾನಿ ಕಹಾಂ ಸೇ ಆವೇ ಹೈ, ಬಹಿನ್?" ನೀರು ಎಲ್ಲಿಂದ ಬರುತ್ತದೆ, ಅಕ್ಕಾ?

ಎರಡು ದಿನಗಳ ಸಮ್ಮೇಳನದಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೊಂದೇ ಸಲ. ನನ್ನ ಟಿಪ್ಪಣಿ ಪುಸ್ತಕವನ್ನು ಮತ್ತೆ ತಿರುವಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಫಕ್ಕೀರವ್ವನಿಗೆ ಬಾಯಿಪಾಠ ಇದ್ದದ್ದು ಪುಸ್ತಕದ ಕನ್ನಡದಲ್ಲಿ. ಸವಣೂರು ಸಂತೆಯ ಉರ್ದುವಿನಲ್ಲಿ ಅವರಿಗೆ ಯಾರೂ ಏನೂ ಬರೆದುಕೊಟ್ಟಿರಲಿಲ್ಲ.

"ಪಾನಿ ಕಾಂ ಹೈ ಬೆಹೆನ್," ಎಂದರು. "ನಳಿಚ್ ಆಯಾ, ಪಾನಿ ನೈ ಆಯಾ." ನೀರೆಲ್ಲಿದೆ ಅಕ್ಕಾ, ನಳ ಮಾತ್ರ ಬಂದಿದೆ, ನೀರು ಬಂದಿಲ್ಲ.

ಇಂದ್ರಾ ಅದನ್ನು ಡಚ್ ಭಾಷೆಯಲ್ಲಿ ದೊಡ್ಡ ದನಿಯಲ್ಲಿ ಸಭೆಗೆ ಹೇಳಿದರು. ಮತ್ತೆ ಕೇಳಿದರು. ಫಕ್ಕೀರವ್ವ ಮತ್ತೆ ಹೇಳಿದರು. ಬೋರ್‌ವೆಲ್ಲು, ಕೊಡ, ಸೌಟು, ದಾರದಿಂದ ಕೊಯ್ದ ಸೋಪಿನ ತುಂಡು, ಆಮೇಲೆ ಟ್ರಂಕಿನಲ್ಲಿರುವ ಬಂದವರ ಸೋಪು, ಎಲ್ಲ ಬಂತು. ಒಬ್ಬರು ವೇದಿಕೆಯಿಂದ, ಒಬ್ಬರು ಬಾಗಿಲಿನಿಂದ, ಇಬ್ಬರು ಅಡುಗೆಯವರು ಸಭೆಯ ತಲೆಯ ಮೇಲೆ ಮಾತಾಡಿದರು. ನವೀನ್ ಎರಡು ಸಲ "ಅಕ್ಕಾ, ಟೈಮ್ ಆಯ್ತು" ಎಂದರು. ಟೈಮ್ ಆಗಿರಲಿಲ್ಲ. ಆದಾಗ ಅಧ್ಯಕ್ಷರು ಗಡಿಯಾರ ನೋಡಿ, ಮಾತಿನ ನಡುವೆಯೇ ವಂದನೆ ಹೇಳಿ ಮುಗಿಸಿದರು. ಮರೈಕೆ ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು.

ಕೆಳಗಿಳಿದು ಬಂದ ಫಕ್ಕೀರವ್ವನ ಮುಖ ಬಾಡಿತ್ತು. "ಪೈಪ್ ಹೋತೇನ್ರಿ ಅಣ್ಣಾರ?"

"ಗೊತ್ತಿಲ್ಲ, ಅಕ್ಕಾರ."

"ಕಲತಿದ್ದನ್ನ ಹೇಳಿ ಸುಮ್ನ ಇಳದ ಬರಬೇಕಿತ್ತು. ಆದ್ರ ಆಕಿ ಹಂಗ ಕೇಳಿಬಿಟ್ಲಲ್ರಿ. ಅಡಗಿ ಮಾಡೂಕಿ ನೀರಿನ ಸುದ್ದಿ ಕೇಳಿದ್ರ ಅಡಗಿ ಮಾಡೂಕಿ ಹೆಂಗ ಸುಳ್ಳ ಹೇಳ್ಬೇಕು?"

ವಾಪಸು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಸಿಬ್ಬಂದಿ ಫಕ್ಕೀರವ್ವನ ಅಂಗೈಗೆ ಕಾಗದದ ಪಟ್ಟಿ ಒರೆಸಿ ಯಂತ್ರಕ್ಕೆ ಕೊಟ್ಟ. ಯಂತ್ರ ಕೆಂಪು ದೀಪ ಹಾಕಿತು. ಸ್ಫೋಟಕ ಮುಟ್ಟಿದವರನ್ನು ಹಿಡಿಯುವ ಯಂತ್ರ ಅದು. ಅವರನ್ನು ಪಕ್ಕಕ್ಕೆ ಕರೆದರು. ಬಳೆ ತೆಗೆಸಿದರು, ಚೀಲ ಬಿಚ್ಚಿದರು. ಖಾರಾದ ಖಾಲಿ ಪೊಟ್ಟಣ, ಗುಲಾಬಿ ಸೋಪಿನ ಡಬ್ಬಿ ಮೇಜಿನ ಮೇಲೆ ಬಂದವು. ಕೊನೆಗೆ ಅಧಿಕಾರಿಯೊಬ್ಬಾಕೆ, ಈಗಷ್ಟೇ ಸೋಪಿನಿಂದ ಕೈ ತೊಳೆದಿದ್ದೀರಾ ಎಂದು ಕೇಳಿದಳು. ಕೆಲವು ಸೋಪುಗಳಿಗೆ ಯಂತ್ರ ಹೀಗೆ ಮೋಸಹೋಗುತ್ತದಂತೆ. ನಾನು ಕನ್ನಡದಲ್ಲಿ ತಿಳಿಸಿದೆ.

"ಹೌದ್ರಿ, ಚೊಲೋತ್ನಾಗಿ ತಿಕ್ಕಿ ತೊಳದೇನಿ. ತೊಳೀಬಾರದಿತ್ತೇನ?"

ನಮ್ಮ ಹಿಂದೆ ನಿಂತಿದ್ದ ನವೀನರ ಕೈಯನ್ನೂ ಒರೆಸಿದರು. ಯಂತ್ರ ಹಸಿರು ದೀಪ ಹಾಕಿತು.

ಯಲವಿಗಿ

ಕಾರ್ಯಕ್ರಮದ ಎರಡನೇ ಹಂತಕ್ಕೆ ಈ ವರ್ಷ ಮಂಜೂರಾತಿ ಸಿಕ್ಕಿದೆ. ಶಿಗ್ಗಾಂವದ ಫಲಕ ಬದಲಾಗಿದೆ. ಈಗ ಅದರಲ್ಲಿ ಸೆರಗು ಸಿಕ್ಕಿಸಿದ ಫಕ್ಕೀರವ್ವ ಸ್ಟೀಲಿನ ನಳಕ್ಕೆ ಕೈ ಒಡ್ಡಿದ್ದಾರೆ. ಉತ್ರೆಕ್ಟ್‌ನಲ್ಲಿ ತೆಗೆದ ಚಿತ್ರ. ನೀರನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ.

ಕಳೆದ ವಾರ ಯಲವಿಗಿಯಲ್ಲಿ ರೈಲಿಳಿದು ಅವರ ಊರಿಗೆ ಹೋಗಿದ್ದೆ. ಪೈಪು ಕಾಂಪೌಂಡಿನ ಹೊರಗೇ ಇದೆ. ಫಕ್ಕೀರವ್ವ ಬಾಗಿಲಲ್ಲಿ ಕೊಡ ಇಟ್ಟುಕೊಂಡು, ಸೌಟು ಹಿಡಿದು ನಿಂತಿದ್ದರು. ಮಕ್ಕಳ ಊಟ ಮುಗಿದ ಮೇಲೆ ನನ್ನನ್ನು ಮನೆಗೆ ಕರೆದೊಯ್ದರು. "ಬರ್ರಿ ಅಣ್ಣಾರ, ಕೈಕಾಲ ತೊಳಕೊಳ್ರಿ." ಬಚ್ಚಲ ಕಲ್ಲಿನ ಮೇಲೆ ಮರೈಕೆಯ ಗುಲಾಬಿ ಸೋಪು ಇತ್ತು, ಎಸಳು ಸ್ವಲ್ಪವೂ ಸವೆದಿರಲಿಲ್ಲ. ತೊಳೆದುಕೊಂಡೆ. ಅವರು ಸೋಪನ್ನು ಒರೆಸಿ ಡಬ್ಬಿಗೆ ಹಾಕಿ ಟ್ರಂಕಿನಲ್ಲಿಟ್ಟರು.

ಸಂಸ್ಥೆಯ ಸಮೀಕ್ಷೆಯ ನಮೂನೆಯನ್ನು ಪರಿಷ್ಕರಿಸಲಾಗಿದೆ. ಉತ್ರೆಕ್ಟ್ ಸಭೆಯ ನಂತರ ನೀರಿನ ಬಗ್ಗೆ ಒಂದು ಪ್ರಶ್ನೆ ಸೇರಿಸಿದ್ದಾರೆ: 'ನೀರಿನ ಮಹತ್ವದ ಬಗ್ಗೆ ತಮಗೆ ಅರಿವಿದೆಯೇ?' ಕಳೆದ ಸೋಮವಾರ ಆ ಶಾಲೆಯ ನಮೂನೆ ತುಂಬಿದ್ದಾರೆ. ನಳದ ಮುಂದೆ 'ಇದೆ' ಎಂದಿದೆ, ಸೋಪಿನ ಮುಂದೆ 'ಇದೆ' ಎಂದಿದೆ. ಹೊಸ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದು, ಕೆಳಗೆ ಫಕ್ಕೀರವ್ವನ ಸಹಿ ಮಾಡಿಸಿಕೊಂಡಿದ್ದಾರೆ.